ಕಾವಲಿನ ಕಟ್ಟೆಗೆ ಬಂದ ದನಗಳು

ದೆವ್ವ, ಗಾಳಿ ಅಂತ ಹೇಳುವವರನ್ನು ಮುಖದ ಮೇಲೇ ಆಡಿಕೊಳ್ಳುತ್ತಿದ್ದವನು ನಾನು. ಭೂಮಿ ಅಳೆಯುವ ಕೆಲಸದಲ್ಲಿ ಸ್ಮಶಾನ, ಹಾಳುಬಾವಿ, ಪಾಳುಗುಡಿ ಯಾವುದನ್ನೂ ಬಿಡದೆ ತುಳಿದಿದ್ದೆ. ಒಂದು ಪಿಶಾಚಿಯೂ ನನ್ನನ್ನು ಮಾತಾಡಿಸಿರಲಿಲ್ಲ. ಈಗ ಬರೆಯುವುದನ್ನು ನೀವು ನಂಬಲೇಬೇಕೆಂಬ ಬಲವಂತವಿಲ್ಲ. ನಾನೇ ಪೂರ್ತಿ ನಂಬಿಲ್ಲ. ಆದರೆ ನಡೆದದ್ದಂತೂ ನಡೆಯಿತು.

ಐವತ್ತರ ದಶಕದ ಕೊನೆ. ಚನ್ನರಾಯಪಟ್ಟಣದ ಆಚೆಗಿದ್ದ ಒಂದು ಕಾವಲನ್ನು ಅಳೆಯಲು ನನ್ನನ್ನು ಕಳಿಸಿದ್ದರು. ಕಾವಲು ಅಂದರೆ ಅಮೃತಮಹಲ್ ದನಗಳಿಗೆಂದೇ ಹಿಂದಿನಿಂದ ಬಿಟ್ಟಿದ್ದ ಹುಲ್ಲುಗಾವಲು. ಬೇಲಿಯಿಲ್ಲ, ಮೂಗುದಾರವಿಲ್ಲ, ಕಣ್ಣು ಹಾಯುವಷ್ಟು ದೂರ ಹುಲ್ಲು. ದನಗಳನ್ನು ಆಗಲೇ ಹರಾಜು ಹಾಕಿಯಾಗಿತ್ತು. ಜಾಗವನ್ನು ತುಂಡು ಮಾಡಿ ಉಳುವವರಿಗೆ ಹಂಚುವುದೆಂದು ತೀರ್ಮಾನ. ಉಳುವವರು ಯಾರು? ನೇಗಿಲು ಮುಟ್ಟಿ ಗೊತ್ತಿಲ್ಲದ ನಾಲ್ಕು ದೊಡ್ಡ ಕುಳಗಳು. ಅವರ ಮನೆಯ ಕೋಳಿಸಾರು ನಾನೂ ಉಂಡಿದ್ದೆ, ಮುಚ್ಚಿಡುವುದೇಕೆ.

ಅಲ್ಲಿ ಉಳಿದಿದ್ದವನು ದನ ಕಾಯುವ ಜವರಣ್ಣ ಒಬ್ಬನೇ. ನಾಲ್ಕು ತಲೆಮಾರಿನಿಂದ ಅವನ ಮನೆಯವರದು ಅದೇ ಕೆಲಸ. ದನಗಳು ನೀರು ಕುಡಿಯುವ ಕಟ್ಟೆಯ ಪಕ್ಕ ಕಲ್ಲಿನ ರೊಪ್ಪ, ಅಂದರೆ ದನ ಕೂಡುವ ದೊಡ್ಡಿ. ಅದಕ್ಕೆ ಒತ್ತಿಕೊಂಡು ಅವನ ಗುಡಿಸಲು. ಬಳಕೆಯಲ್ಲಿರುವ ರೊಪ್ಪ, ಕಟ್ಟೆಗಳನ್ನು ಹಂಚಿಕೆಗೆ ಸೇರಿಸಬಾರದೆಂದು ನಮಗೆ ಹೇಳಿದ್ದರು. ನಾನು ಪುಸ್ತಕದಲ್ಲಿ ‘ಬಳಕೆಯಲ್ಲಿದೆ’ ಎಂದು ಬರೆದರೆ ಗುಡಿಸಲು ಉಳಿಯುತ್ತಿತ್ತು, ‘ಖಾಲಿ’ ಎಂದು ಬರೆದರೆ ಹೋಗುತ್ತಿತ್ತು. ಇಷ್ಟೇ ವಿಷಯ.

“ದನವೇ ಇಲ್ಲವಲ್ಲ ಜವರಣ್ಣ, ಏನಂತ ಬರೀಲಿ?” ಎಂದೆ.

“ಅವು ಎಲ್ಗೋದಾವು ಸಾ? ಕರುದ್ರೆ ಬತ್ತವೆ ಕಣಿ” ಎಂದ.

ಅವನ ಮನೆಯವರಲ್ಲಿ ದನಗಳನ್ನು ಎಣಿಸುವ ಪದ್ಧತಿಯಿಲ್ಲ. ಎಣಿಸಿದರೆ ಮಂದೆ ಕರಗುತ್ತದಂತೆ. ನೀರಿನ ಹೊತ್ತಿಗೆ ಒಂದೊಂದರ ಹೆಸರು ಹಿಡಿದು ಕೂಗುತ್ತಾರೆ, ವಯಸ್ಸಾದ ಹಸುವಿನಿಂದ ಶುರು. ಬಾರದ್ದನ್ನು ಹುಡುಕಿಕೊಂಡು ಹೋಗುತ್ತಾರೆ. ಹರಾಜಿನವರು ಸುಣ್ಣದ ಗುರುತು ಹಾಕಿ ಎಣಿಸಿದ್ದರಿಂದಲೇ ಮಂದೆ ಹಾಳಾಯಿತೆಂದು ಜವರಣ್ಣನಿಗೆ ಸಿಟ್ಟು.

ಆ ಮಧ್ಯಾಹ್ನ ಅವನು ಕಟ್ಟೆಯ ಏರಿಯ ಮೇಲೆ ನಿಂತು ಕೂಗತೊಡಗಿದ. ಕೆಂಪಿ, ಬೂದಿ, ಕೊಂಬಲಕ್ಕಿ... ಅಳತೆಯ ಸರಪಳಿ ಹಿಡಿಯುವ ನನ್ನ ಆಳುಗಳಿಬ್ಬರು ಕಿಸಕ್ಕನೆ ನಕ್ಕರು, ನಾನೂ ನಕ್ಕೆ. ಇಪ್ಪತ್ತನೆಯ ಹೆಸರಿಗೋ ಏನೋ ನಗು ನಿಂತಿತು. ನೆಲ ಅದುರುತ್ತಿತ್ತು. ಗೊರಸಿನ ಸದ್ದು, ಕೊಂಬಿಗೆ ಕೊಂಬು ತಾಕುವ ಸದ್ದು, ಸಗಣಿಯ ಬಿಸಿ ವಾಸನೆ, ಎಲ್ಲ ನಮ್ಮ ಪಕ್ಕದಲ್ಲೇ ಹಾದುಹೋದವು. ಆಳುಗಳು ಸರಪಳಿ ಬಿಸಾಕಿ ಓಡಿದರು. ಕಣ್ಣಿಗೆ ಒಂದು ಕರುವೂ ಕಾಣಲಿಲ್ಲ.

ಸದ್ದು ಅಡಗಿದ ಮೇಲೆ ಕಟ್ಟೆಗೆ ಇಳಿದೆ. ಬೆಳಿಗ್ಗೆ ನಾನೇ ಕೋಲು ಇಳಿಸಿ ನೀರು ಅಳೆದಿದ್ದೆ. ಈಗ ಗೇಣುದ್ದ ಕಡಿಮೆಯಾಗಿತ್ತು, ಉಳಿದದ್ದು ಬಗ್ಗಡವಾಗಿತ್ತು. ದಡದ ಕೆಸರಿನಲ್ಲಿ ಒಂದೇ ಒಂದು ಗೊರಸಿನ ಗುರುತಿಲ್ಲ. ತೂಬು ಮುಚ್ಚಿಯೇ ಇತ್ತು. ಮೂರು ಸಲ ನೋಡಿದೆ.

ಜವರಣ್ಣ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. “ಕೇಳುಸ್ತಲ್ಲ ಸಾ ನಿಮ್ಗೂ? ಅಂಗಾರೆ ಬರ್ಕಳಿ” ಎಂದ.

ಪುಸ್ತಕ ಬಿಚ್ಚಿದೆ. ಹಾಸನದಲ್ಲಿ ಕೂತಿದ್ದ ನನ್ನ ಸಾಹೇಬರ ಮುಖ, ಆ ನಾಲ್ಕು ಕುಳಗಳ ಮುಖ ನೆನಪಾದವು. ದನ ಕಾಣದೆ ‘ಬಳಕೆಯಲ್ಲಿದೆ’ ಎಂದು ಬರೆದರೆ ನನ್ನ ಕೆಲಸ ಉಳಿಯುತ್ತಿತ್ತೇ?

“ನನಗೇನೂ ಕೇಳಿಸಲಿಲ್ಲ” ಎಂದೆ.

ಅವನು ವಾದಕ್ಕೆ ಬರಲಿಲ್ಲ. “ಓಗ್ಲಿ ಬುಡಿ ಸಾ, ನಿಮ್ಗೂ ಎಡ್ತಿ ಮಕ್ಳವ್ರೆ” ಎಂದು ಎದ್ದ. ಬೈದಿದ್ದರೆ ಚೆನ್ನಾಗಿತ್ತು.

ಖಾಲಿ ಎಂದೇ ಬರೆದೆ. ಮುಂದಿನ ಬೇಸಿಗೆಗೆ ರೊಪ್ಪದ ಕಲ್ಲುಗಳು ಆ ಕುಳಗಳಲ್ಲೊಬ್ಬರ ಬಾವಿ ಕಟ್ಟಲು ಹೋದವು. ಜವರಣ್ಣ ಹೊಳೆನರಸೀಪುರದ ಕಡೆ ಕೂಲಿಗೆ ಹೋದನಂತೆ. ಆ ದಿನ ಕಟ್ಟೆಯ ನೀರು ಕುಡಿದದ್ದು ಏನು ಎಂದು ಯೋಚಿಸಿ ಯೋಚಿಸಿ ಸಾಕಾಗಿದೆ. ಓಡಿಹೋದ ಆಳುಗಳಿಬ್ಬರೂ ಸಾಯುವವರೆಗೆ ಕೇಳಿಸಿತೆಂದೇ ಹೇಳುತ್ತಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅಲ್ಲಿ ಬರೆಯಬಲ್ಲವನು ನಾನೊಬ್ಬನೇ ಇದ್ದೆ, ಕೇಳಿಸಲಿಲ್ಲ ಎಂದವನೂ ನಾನೊಬ್ಬನೇ.