ಎರಡು ಮೊಳದ ದೂರದಲ್ಲಿ

ಮದುವೆಯಾದ ಹೊಸದರಲ್ಲಿ ಇವರ ಜೊತೆ ಸಿನಿಮಾಕ್ಕೆ ಹೋದಾಗ ಟಾಕೀಸಿನವರೆಗೂ ನಾನು ನೋಡಿದ್ದು ಇವರ ಬೆನ್ನನ್ನು ಮಾತ್ರ. ನಮ್ಮ ಕಡೆಯ ಗಂಡಸರೆಲ್ಲ ಹಾಗೆಯೇ. ನಾಲ್ಕು ಹೆಜ್ಜೆ ಮುಂದೆ ನಡೆಯುವುದು, ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡುವುದು, ಹೆಂಡತಿ ಬರುತ್ತಿದ್ದಾಳೆ ಅಂತ ಖಾತ್ರಿಯಾದರೆ ಮತ್ತೆ ಮುಂದಕ್ಕೆ. ಸಾಲದ್ದಕ್ಕೆ ಇವರು ಕಾರ್ಖಾನೆಯ ಓಟದ ತಂಡದಲ್ಲಿದ್ದವರು. ಇವರ ನಡಿಗೆಯೇ ಬೇರೆಯವರ ಓಟ. ರಾಜಾಜಿನಗರದ ಮಾರ್ಕೆಟ್ಟಿನಿಂದ ಬಸವೇಶ್ವರನಗರದ ನಮ್ಮ ಮನೆಯವರೆಗೆ ತರಕಾರಿ ಚೀಲ ಹಿಡಿದು ಆ ಬೆನ್ನನ್ನು ಹಿಂಬಾಲಿಸುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆಯಿತು.

ಎರಡು ಸಾವಿರದ ದಶಕದ ನಡುವಿನಲ್ಲಿ, ನಿವೃತ್ತರಾದ ಮರುವರ್ಷವೇ ಇವರಿಗೆ ಹೃದಯಾಘಾತವಾಯಿತು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಉಳಿಸಿಕೊಟ್ಟರು. ಕಣ್ಣು ಬಿಟ್ಟವರು ಡಾಕ್ಟರನ್ನು ಕೇಳಿದ ಮೊದಲ ಮಾತು, "ಸಾರ್, ಮತ್ತೆ ಯಾವಾಗ ಓಡ್ಬಹುದು?" ನನಗೆ ಮೈಯೆಲ್ಲ ಉರಿದುಹೋಯಿತು. ಕಾರ್ಖಾನೆಯಲ್ಲಿ ಹಳಬರಿಗಾಗಿ ವರ್ಷಕ್ಕೊಮ್ಮೆ ಒಂದು ಓಟ ಇಡುತ್ತಿದ್ದರು. ಅದರಲ್ಲಿ ಇನ್ನೊಂದು ಸಲ ಓಡಬೇಕು ಅನ್ನುವುದು ಇವರ ಆಸೆ, ಇವರು ನನ್ನ ಕಣ್ಣೆದುರು ಇರಬೇಕು ಅನ್ನುವುದು ನನ್ನ ಆಸೆ. ಡಾಕ್ಟರು ರಾಜಿ ಮಾಡಿಸಿದರು. ಕೆಲವು ತಿಂಗಳು ನಡಿಗೆ, ಆಮೇಲೆ ನಿಧಾನವಾದ ಓಟ. ಎದೆಬಡಿತ ಮಾತ್ರ ನಿಮಿಷಕ್ಕೆ ನೂರಾ ಹದಿನೈದು ದಾಟಕೂಡದು.

ಮಹಾಲಕ್ಷ್ಮಿ ಲೇಔಟಿನಲ್ಲಿದ್ದ ಮಗಳು ಅದನ್ನು ಅಳೆಯುವ ಗಡಿಯಾರ ತಂದುಕೊಟ್ಟಳು. ಆಗಿನ ಗಡಿಯಾರಕ್ಕೆ ಜೊತೆಗೊಂದು ಬೆಲ್ಟ್ ಇರುತ್ತಿತ್ತು. ಒಳಭಾಗವನ್ನು ನೀರಿನಲ್ಲಿ ಒದ್ದೆ ಮಾಡಿ ಎದೆಗೆ ಬಿಗಿಯಬೇಕು. ಬೆಲ್ಟ್ ಎದೆಬಡಿತ ಹಿಡಿದು ಕಳಿಸುತ್ತಿತ್ತು, ಮುಂಗೈ ಮೇಲಿನ ಗಡಿಯಾರ ಅಂಕಿ ತೋರಿಸುತ್ತಿತ್ತು. ಮೊದಲ ವಾರ ಇವರು ಒಬ್ಬರೇ ಪಾರ್ಕಿಗೆ ಹೋಗಿ ಬಂದು, "ನೂರರ ಮೇಲೆ ಹೋಗ್ಲೇ ಇಲ್ಲ ಕಣೇ" ಅನ್ನುತ್ತಿದ್ದರು.

"ಕನ್ನಡಕ ಟಿವಿ ಮೇಲೇ ಇದೆ. ಅಂಕಿ ಯಾವ ಕಣ್ಣಲ್ಲಿ ನೋಡಿದ್ರಿ?" ಅಂದೆ. ಮಾರನೆಯ ದಿನದಿಂದ ಬೆಲ್ಟ್ ಇವರ ಎದೆಗೆ, ಗಡಿಯಾರ ನನ್ನ ಕೈಗೆ, ಬಳೆಗಳ ಪಕ್ಕಕ್ಕೆ ಬಂತು.

ಅದರದ್ದೊಂದು ಷರತ್ತಿತ್ತು. ಬೆಲ್ಟಿಗೂ ಗಡಿಯಾರಕ್ಕೂ ಎರಡು ಮೊಳಕ್ಕಿಂತ ಹೆಚ್ಚು ಅಂತರವಾದರೆ ಅಂಕಿ ಹೋಗಿ ಎರಡು ಸೊನ್ನೆ ನಿಲ್ಲುತ್ತಿತ್ತು. ಮೊದಲ ದಿನ ಇವರು ಅಭ್ಯಾಸಬಲದಿಂದ ಮುಂದೆ ಹೋದರು. ಗಡಿಯಾರ ನೋಡಿದರೆ ಸೊನ್ನೆ. "ರೀ!" ಅಂತ ನಾನು ಕೂಗಿದ್ದಕ್ಕೆ ಪಾರ್ಕಿನಲ್ಲಿದ್ದವರೆಲ್ಲ ನಿಂತುಬಿಟ್ಟರು. ಇವರು ವಾಪಸು ಬಂದು ಪಕ್ಕದಲ್ಲಿ ನಿಂತ ಮೇಲೆ ಅಂಕಿ ಮರಳಿತು. ಅಂದಿನಿಂದ ಬೇರೆ ದಾರಿಯಿಲ್ಲದೆ ಇವರು ನನ್ನ ಪಕ್ಕದಲ್ಲೇ ನಡೆದರು. ಪಕ್ಕದಿಂದ ನೋಡಿದರೆ ಇವರ ಕಿವಿಯ ಮೇಲೊಂದು ಮಚ್ಚೆ ಇತ್ತು. ಅದು ನನಗೆ ಗೊತ್ತೇ ಇರಲಿಲ್ಲ.

ಬೆಲ್ಟಿನ ಆರೈಕೆಯೂ ನನ್ನ ಪಾಲಿಗೆ ಬಂತು. ಒಂದು ದಿನ ಬೆವರಿನ ವಾಸನೆ ತಡೆಯಲಾರದೆ ಸೋಪಿನ ಪುಡಿಯಲ್ಲಿ ನೆನೆಹಾಕಿ, ಶರ್ಟುಗಳ ಜೊತೆ ಒಗೆಯುವ ಕಲ್ಲಿನ ಮೇಲೆ ಎರಡು ಬಾರಿಸಿದೆ. ಮಗಳು ಫೋನಿನಲ್ಲೇ ಕಿರುಚಿದಳು, "ಅಮ್ಮಾ, ಅದು ಮಿಷನ್ನು! ಬರೀ ನೀರಲ್ಲಿ ತೊಳ್ದು ನೆರಳಲ್ಲಿ ಒಣಗ್ಸು!" ಪುಣ್ಯಕ್ಕೆ ಕೆಡಲಿಲ್ಲ. ತಂತಿಯ ಮೇಲೆ ಒಣಗುತ್ತಿದ್ದ ಅದನ್ನು ನೋಡಿ ಪಕ್ಕದ ಮನೆಯಾಕೆ, "ಮಗಳು ಬಾಣಂತನಕ್ಕೆ ಬಂದಿದಾಳಾ ಆಂಟಿ? ಹೊಟ್ಟೆಗೆ ಕಟ್ಟೋದಲ್ವಾ ಅದು?" ಅಂತ ವಿಚಾರಿಸಿದಳು. ಇವರು ಒಳಗೆ ನಗು ತಡೆಯಲಾರದೆ ಕೆಮ್ಮುತ್ತಿದ್ದರು.

ಈಗ ಇವರೂ ಇಲ್ಲ, ಆ ಬೆಲ್ಟೂ ಇಲ್ಲ. ಮೊಮ್ಮಗಳ ಕೈಯಲ್ಲಿರುವ ಗಡಿಯಾರ ಅವಳ ಎದೆಬಡಿತವನ್ನು ಅವಳೊಬ್ಬಳಿಗೇ ತೋರಿಸುತ್ತದೆ, ಪಕ್ಕದಲ್ಲಿ ಯಾರೂ ಬೇಕಿಲ್ಲ. ಒಳ್ಳೆಯದೇ ಇರಬಹುದು. ನನಗೆ ಮಾತ್ರ ಬೆಳಗಾದರೆ ಆ ಎರಡು ಮೊಳ ನೆನಪಾಗುತ್ತದೆ.

ಅಂದು ಕೆಲವು ತಿಂಗಳ ನಡಿಗೆ ಮುಗಿದು ಓಟಕ್ಕೆ ಡಾಕ್ಟರ ಅಪ್ಪಣೆ ಸಿಕ್ಕಿದಾಗ ಹೊಸ ಫಜೀತಿ ಶುರುವಾಯಿತು. ಇವರು ಓಡಿದರೆ ಗಡಿಯಾರ ಕಟ್ಟಿಕೊಂಡ ನಾನೂ ಓಡಬೇಕಲ್ಲ! ಜನ್ಮದಲ್ಲಿ ಬಸ್ಸಿನ ಹಿಂದೆ ಬಿಟ್ಟರೆ ಓಡಿದವಳಲ್ಲ. ವಿಜಯನಗರಕ್ಕೆ ಹೋಗಿ ಕ್ಯಾನ್ವಾಸ್ ಬೂಟು ತಂದು, ಚೂಡಿದಾರ್ ಹಾಕಿ, ನಾಚಿಕೆ ಬಿಟ್ಟು ಓಡಿದೆ. ಇವರಿಗೆ ಹಬ್ಬ. ನಾನು ಏದುಸಿರು ಬಿಡುತ್ತಾ "ನೂರಾ ಎಂಟು... ನೂರಾ ಹತ್ತು..." ಅಂತ ಅಂಕಿ ಹೇಳುತ್ತಿದ್ದೆ.

ಕಾರ್ಖಾನೆಯ ಓಟದ ದಿನ ಹತ್ತಿರವಾಗಿತ್ತು. ಒಂದು ಬೆಳಿಗ್ಗೆ ಅಂಕಿ ಹೇಳಲು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಇವರು ಥಟ್ಟನೆ ನಿಂತು ನನ್ನ ಮುಖ ನೋಡಿದರು.

"ನಿಂದು ಎಷ್ಟಿದೆಯೇ?"

"ನಂದೇನು?"

"ಎದೆಬಡಿತ ಕಣೇ."

ನಾನು ನಕ್ಕುಬಿಟ್ಟೆ. ಇವರು ನಗಲಿಲ್ಲ. ಮಾರನೆಯ ಬೆಳಿಗ್ಗೆ ಬಚ್ಚಲಲ್ಲಿ ತಾವೇ ಬೆಲ್ಟನ್ನು ಒದ್ದೆ ಮಾಡಿ ತಂದು, "ಹಾಕ್ಕೋ" ಅಂದರು. ಗಡಿಯಾರ ತಾವು ಕಟ್ಟಿಕೊಂಡರು. ಕನ್ನಡಕ ಜಾರದಂತೆ ತಲೆಯ ಹಿಂದೆ ದಾರ ಬಿಗಿದುಕೊಂಡಿದ್ದರು. ಪಾರ್ಕಿನ ಒಂದು ಸುತ್ತು ಮುಗಿಯುವ ಮೊದಲೇ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ನನ್ನ ಅಂಕಿ ಇವರ ಮಿತಿಯನ್ನು ಆಗಲೇ ದಾಟಿತ್ತು. "ಇಷ್ಟು ದಿನಾನೂ ಹೀಗೇ ಓಡಿಸ್ದೆನೇನೇ ನಿನ್ನ?" ಅಂದರು. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗಾಬರಿಪಡುವಂಥದ್ದೇನಿಲ್ಲ, ಅಭ್ಯಾಸವಿಲ್ಲದ ಮೈ, ನಡಿಗೆಯಿಂದ ಶುರು ಮಾಡಿ ಅಂದರು ಡಾಕ್ಟರು. ತರಬೇತಿ ಮತ್ತೆ ಮೊದಲಿನಿಂದ ಆರಂಭವಾಯಿತು, ಈ ಸಲ ನನ್ನದು.

ಓಟದ ದಿನ ಕಾರ್ಖಾನೆಯ ಗೆಳೆಯರು ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಕರೆದರು. ಇವರು ಬರುವುದಿಲ್ಲ ಅಂದುಬಿಟ್ಟರು. ಪಾರ್ಕಿಗೆ ಬಂದ ಮೇಲೂ ನನಗೆ ಸಂಕಟ ಕಡಿಮೆಯಾಗಲಿಲ್ಲ.

"ಹೋಗ್ಬನ್ನಿ ರೀ. ಎಷ್ಟು ಆಸೆ ಇಟ್ಕೊಂಡಿದ್ರಿ. ಡಾಕ್ಟ್ರೇ ಓಡಿ ಅಂದಿದಾರಲ್ಲ."

"ನಾನು ಅಲ್ಲಿ ಓಡ್ತಾ ಇದ್ರೆ ಇಲ್ಲಿ ನಿನ್ನ ಯಾರು ನೋಡ್ಕೋತಾರೆ?" ಅಂದರು, ಯಾವುದೋ ತರಕಾರಿಯ ವಿಚಾರ ಹೇಳುವಂತೆ.

ಅಷ್ಟು ವರ್ಷದ ಸಂಸಾರದಲ್ಲಿ ಇವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಕಲ್ಲುಬೆಂಚಿನ ಮೇಲೆ ಕೂತು, ಜನ ನೋಡಿದರೆ ನೋಡಲಿ ಅಂತ ಚೆನ್ನಾಗಿ ಅತ್ತುಬಿಟ್ಟೆ. ಇವರು ಏರುತ್ತಿದ್ದ ನನ್ನ ಎದೆಬಡಿತವನ್ನು ಗಡಿಯಾರದಲ್ಲಿ ನೋಡುತ್ತಾ ಪಕ್ಕದಲ್ಲಿ ಕೂತರು, ಅದು ಇಳಿಯುವವರೆಗೂ ಏಳಲಿಲ್ಲ.