ಮಾವನ ಹಳದಿ ಕಾರಿನ ಆಯಿಲ್

ನನ್ನ ಮಾವ ಅರವತ್ತಾರನೆಯ ವಯಸ್ಸಿನಲ್ಲಿ ಒಂದು ಹಳದಿ ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಮೈ, ಸ್ಟಾರ್ಟ್ ಮಾಡಿದರೆ ಮೂರನೆಯ ಮಹಡಿಯ ಕಿಟಕಿ ಗಾಜು ನಡುಗುವಷ್ಟು ಸದ್ದು. ಯಾರೋ ಆರು ವರ್ಷ ಓಡಿಸಿ ಬಿಟ್ಟ ಗಾಡಿ ಅದು. ವಿಠ್ಠಲವಾಡಿ ಸ್ಟೇಷನ್ನಿನ ಹೊರಗಿದ್ದ ಹೋಟೆಲನ್ನು ತಮ್ಮನ ಕೈಗೆ ಬಿಟ್ಟು ಅವರು ಮನೆಯಲ್ಲಿ ಕೂತು ಆಗ ಎರಡು ತಿಂಗಳಾಗಿತ್ತು. ಇದೆಂಥ ಹುಚ್ಚು ಎಂದು ಅತ್ತೆ ಕೇಳಿದ್ದಕ್ಕೆ, "ನೋಡಿದೆ, ಬೇಕು ಅಂತ ಅನ್ನಿಸಿತು" ಎಂದಷ್ಟೇ ಹೇಳಿದರು. ಅತ್ತೆ ಒಮ್ಮೆ ಅದರೊಳಗೆ ಕೂತು ನೋಡಿದರು. ಎಬ್ಬಿಸಲು ನಾನು ಮತ್ತು ನನ್ನ ಗಂಡ ಒಂದೊಂದು ಕೈ ಹಿಡಿದು ಎಳೆಯಬೇಕಾಯಿತು. ಮತ್ತೆ ಅವರು ಆ ಗಾಡಿಯ ಹತ್ತಿರ ಹೋಗಲಿಲ್ಲ.

ನಮ್ಮದು ಡೊಂಬಿವಲಿಯ ಕಾರ್ಖಾನೆ ಪ್ರದೇಶವಾದ ಎಂಐಡಿಸಿಯ ವಸತಿ ಭಾಗದಲ್ಲಿ ನಾಲ್ಕು ಮಹಡಿಯ ಹೌಸಿಂಗ್ ಸೊಸೈಟಿ. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಮಾವ ಇಸ್ತ್ರಿ ಮಾಡಿದ ಷರ್ಟು ಹಾಕಿ ಕೆಳಗಿಳಿಯುತ್ತಿದ್ದರು. ವಾಚ್‌ಮನ್ ಗೇಟು ತೆರೆದು ಸಲಾಮು ಹೊಡೆಯುತ್ತಿದ್ದ. ಬಾಲ್ಕನಿಗಳಲ್ಲಿ ಹಲ್ಲುಜ್ಜುತ್ತ ನಿಂತವರು ಕೈಬೀಸುತ್ತಿದ್ದರು. ಎಂಟರ ಹೊತ್ತಿಗೆ ಮಾವ ವಾಪಸು. "ಪಾಮ್ ಬೀಚ್ ರೋಡಿಗೆ ಹೋಗಿ ಬಂದೆ. ಬೇಲಾಪುರದವರೆಗೆ ಒಂದು ಸಿಗ್ನಲ್ ಕೂಡ ಸಿಗಲಿಲ್ಲ" ಎನ್ನುತ್ತ ಚಪ್ಪಲಿ ಬಿಡುತ್ತಿದ್ದರು.

ನಾನು ತುರ್ಭೆಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕಾರ್ಖಾನೆಗಳ ಜನರೇಟರು, ಕಂಪ್ರೆಸರುಗಳಿಂದ ತೆಗೆದ ಹಳೆಯ ಆಯಿಲ್ ಚಿಕ್ಕ ಬಾಟಲಿಗಳಲ್ಲಿ ನಮ್ಮಲ್ಲಿಗೆ ಬರುತ್ತದೆ. ಅದನ್ನು ಪರೀಕ್ಷೆ ಮಾಡಿ, ಯಂತ್ರದ ಒಳಗೆ ಏನು ನಡೆದಿದೆ ಎಂದು ಬರೆದು ಕೊಡುವುದು ನಮ್ಮ ಕೆಲಸ. ರಕ್ತಪರೀಕ್ಷೆ ಇದ್ದ ಹಾಗೆ. ಮಾವ ಉಡುಪಿಯ ಕಡೆಯವರು, ನನ್ನ ತವರಿನವರು ಗದಗಿನಿಂದ ಬಂದವರು. ಮನೆಯಲ್ಲಿ ಎಲ್ಲರದೂ ತುಳು. ಮಾವನ ಮತ್ತು ನನ್ನ ನಡುವೆ ಮಾತ್ರ ಕನ್ನಡ, ಅವರದು ಅವರ ಕನ್ನಡ, ನನ್ನದು ನನ್ನ ಕನ್ನಡ. ಹಾಗಾಗಿ ಮಾತು ಕಡಿಮೆ.

ಕಾರು ಬಂದು ಹತ್ತು ತಿಂಗಳಾದ ಮೇಲೆ ಒಂದು ಸಂಜೆ ಅವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ನಿನ್ನ ಹತ್ತಿರ ಒಂದು ಕೇಳ್ಲಿಕ್ಕುಂಟು. ಗಾಡಿಗೆ ಆಯಿಲ್ ಯಾವುದು ಹಾಕುವುದು?"

ಕಲ್ಯಾಣದ ಮೆಕ್ಯಾನಿಕ್ ಮನೆಗೇ ಬಂದು, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು, ಆಯಿಲನ್ನು ಎರಡು ಬೆರಳಲ್ಲಿ ಉಜ್ಜಿ, ತೀರಾ ತೆಳ್ಳಗಾಗಿದೆ ಅಂದಿದ್ದನಂತೆ. ನಮ್ಮ ಸೆಕೆಗೆ ದಪ್ಪ ಆಯಿಲ್ಲೇ ಸರಿ, ಟ್ವೆಂಟಿ ಫಿಫ್ಟಿ ನಂಬರಿನದು ಹಾಕೋಣ ಎಂದು ಅವನ ಸಲಹೆ. ಸೊಸೈಟಿಯ ಸೆಕ್ರೆಟರಿ ಮಾತ್ರ ರೇಸಿಂಗಿನವರು ಹಾಕುವ ದುಬಾರಿ ಆಯಿಲ್ಲೇ ಬೇಕು ಅಂದರಂತೆ.

"ಕಾರಿನ ಪುಸ್ತಕ ಏನ ಹೇಳ್ತದರಿ ಮಾವಾರ?" ಎಂದೆ.

ಅವರಿಗೆ ಅದು ಹೊಳೆದೇ ಇರಲಿಲ್ಲ. ಹೋಗಿ ತಂದರು. ಪುಸ್ತಕದಲ್ಲಿ ಫೈವ್ ಡಬ್ಲ್ಯೂ ಫಾರ್ಟಿ ಎಂದಿತ್ತು, ಜೊತೆಗೆ ಕಂಪನಿಯ ಒಪ್ಪಿಗೆಯ ಒಂದು ನಂಬರು. ಡಬ್ಬಿಯ ಹಿಂದೆ ಅದೇ ನಂಬರು ಇದ್ದರೆ ಆಯಿತು, ಯಾವ ಬ್ರ್ಯಾಂಡ್ ಆದರೂ ನಡೆಯುತ್ತದೆ ಎಂದು ಹೇಳಿದೆ. ಡಬ್ಲ್ಯೂ ಮುಂದಿನ ಅಂಕಿ ಎಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಬೇಗ ಹರಿಯುತ್ತದೆ ಎನ್ನುವುದಕ್ಕೆ, ಹಿಂದಿನದು ಬಿಸಿಯಾದಾಗ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ. ಸ್ಟಾರ್ಟ್ ಮಾಡಿದ ಕೂಡಲೇ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋ ತನಕ ಆಯಿಲ್ ಓಡಬೇಕು. ದಪ್ಪ ಆಯಿಲ್ ತಡಮಾಡುತ್ತದೆ.

"ಮತ್ತೆ ಅವ ತೆಳ್ಳಗಾಗಿದೆ ಅಂದದ್ದು?"

"ಈಗ ಎಷ್ಟ ಅದ ಆಯಿಲ್? ಕಡಿಮಿ ಆಗೇದೇನ್ರಿ?"

"ಇಲ್ಲ!" ಅವರ ಮುಖ ಅರಳಿತು. "ಒಂದು ತೊಟ್ಟು ಕುಡಿಯುವುದಿಲ್ಲ ಗಾಡಿ. ಗೆರೆಗಿಂತ ಸ್ವಲ್ಪ ಮೇಲೆಯೇ ಉಂಟು."

ನಾನು ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿದೆ. ಆಯಿಲ್ ಎಂಜಿನ್ನಿನಲ್ಲಿ ತಾನಾಗಿ ಹೆಚ್ಚುವುದಿಲ್ಲ. ಹೆಚ್ಚಿದರೆ ಬೇರೇನೋ ಸೇರಿದೆ ಎಂದು ಅರ್ಥ. ಮರುದಿನ ಲ್ಯಾಬಿನಿಂದ ಸಣ್ಣ ಕೈಪಂಪು ತಂದು, ಡಿಪ್‌ಸ್ಟಿಕ್ಕಿನ ತೂತಿನಿಂದ ನಳಿಕೆ ಇಳಿಸಿ, ಒಂದು ಬಾಟಲಿ ತುಂಬ ಆಯಿಲ್ ಎಳೆದೆ. ಮಾವ ಟಾರ್ಚು ಹಿಡಿದು ನಿಂತಿದ್ದರು.

ಲ್ಯಾಬಿನಲ್ಲಿ ಮುಚ್ಚಳ ತೆಗೆದಾಗಲೇ ಪೆಟ್ರೋಲ್ ವಾಸನೆ ಬಂತು. ಗಾಜಿನ ನಳಿಕೆಯಲ್ಲಿ ಹಾಕಿ, ಬಿಸಿ ತೊಟ್ಟಿಯಲ್ಲಿಟ್ಟು, ಸ್ಟಾಪ್‌ವಾಚ್ ಒತ್ತಿದರೆ ನಲವತ್ತರ ಆಯಿಲ್ ಇಪ್ಪತ್ತರದ್ದರ ಹಾಗೆ ಸರಸರನೆ ಇಳಿಯಿತು. ನೀರಿನ ಅಂಶವೂ ಸ್ವಲ್ಪ ಇತ್ತು. ಲೋಹದ ಸವೆತ ಮಾತ್ರ ಹೆಚ್ಚೇನೂ ಇರಲಿಲ್ಲ. ಇಂಥ ವರದಿಯನ್ನು ನಾನು ಎಷ್ಟೋ ಸಲ ಬರೆದಿದ್ದೇನೆ. ವಾರಕ್ಕೊಮ್ಮೆ ಐದು ನಿಮಿಷ ಸುಮ್ಮನೆ ಓಡಿಸಿ ನಿಲ್ಲಿಸುವ ಆಸ್ಪತ್ರೆ ಜನರೇಟರುಗಳ ಆಯಿಲ್ ಹೀಗೆ ಇರುತ್ತದೆ. ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಉರಿಯದ ಇಂಧನ, ಅಲ್ಲಿ ಡೀಸೆಲ್, ಇಲ್ಲಿ ಪೆಟ್ರೋಲು, ಕೆಳಗಿಳಿದು ಆಯಿಲ್ಲಿಗೆ ಸೇರುತ್ತದೆ, ಕಾದು ಹಾರಿಹೋಗಲು ಅದಕ್ಕೆ ಸಮಯವೇ ಸಿಗುವುದಿಲ್ಲ.

ಮೂವತ್ತು ಕಿಲೋಮೀಟರ್ ದೂರದ ಬೇಲಾಪುರದವರೆಗೆ ಹೋಗಿ ಬಂದ ಗಾಡಿಯ ಆಯಿಲ್ ಅದಾಗಿರಲಿಲ್ಲ.

ನಾನು ಎರಡು ದಿನ ಆ ಕಾಗದವನ್ನು ಪರ್ಸಿನಲ್ಲೇ ಇಟ್ಟುಕೊಂಡು ತಿರುಗಿದೆ. ಗಂಡನಿಗೂ ಹೇಳಲಿಲ್ಲ. ಅವನಿಗೆ ಹೇಳಿದರೆ ಊಟದ ಮೇಜಿನಲ್ಲಿ ನಗೆಯಾಗುತ್ತದೆ ಎಂದು ಗೊತ್ತಿತ್ತು. ಶನಿವಾರ ಅತ್ತೆ ಭಜನೆಗೆ ಹೋದಾಗ, ಚಹಾ ಮಾಡಿ ಮಾವನ ಮುಂದೆ ಇಟ್ಟು ಕೂತೆ.

"ಮಾವಾರ, ಆಯಿಲ್ದಾಗ ಪೆಟ್ರೋಲ್ ಸೇರೇದ. ಗಾಡಿ ಬಿಸಿನ ಆಗವಲ್ದು."

ಅವರು ಲೋಟ ಎತ್ತಲಿಲ್ಲ.

"ಅಷ್ಟೆಲ್ಲ ಗೊತ್ತಾಗ್ತದಾ ಅದರಲ್ಲಿ?"

"ಹೌದ್ರಿ."

ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು. ತಂದ ಎರಡನೆಯ ವಾರ ಶೀಳಫಾಟಾದ ರಸ್ತೆಯಲ್ಲಿ ಹೋಗಿದ್ದರಂತೆ. ಮುಂದೊಂದು ಟೆಂಪೋ ನಿಂತಿತ್ತು, ಒಬ್ಬ ಹಮಾಲ ಗೋಣಿ ಇಳಿಸುತ್ತಿದ್ದ. ಬಳಸಿ ಮುಂದೆ ಹೋಗಲು ಇವರು ಕಾಲು ಒತ್ತಿದ್ದೇ ತಡ, ಗಾಡಿ ಹಾರಿತು. ಬ್ರೇಕು ಹಿಡಿದಾಗ ಆ ಹಮಾಲನಿಗೂ ಗಾಡಿಗೂ ನಡುವೆ ಒಂದು ಗೇಣು ಜಾಗ.

"ಅವ ಬೈಯ್ಲಿಲ್ಲ ಮಾರಾಯ್ತಿ. ಗೋಣಿ ಕೆಳಗಿಟ್ಟು ಬಂದು, 'ಕಾಕಾ, ಪಾನೀ ಪಿಯೋಗೇ?' ನೀರು ಬೇಕಾ ಅಂತ ಕೇಳಿದ. ನಾನು ಸ್ಟೀರಿಂಗ್ ಹೀಗೆ ಹಿಡಿದೇ ಕೂತಿದ್ದೆ." ಕೈ ಎತ್ತಿ ತೋರಿಸಿದರು. "ನಾನು ಯೋಚನೆ ಮಾಡುವ ಮೊದಲೇ ಅದು ಓಡ್ತದೆ. ಮತ್ತೆ ಧೈರ್ಯ ಬರ್ಲಿಲ್ಲ."

"ಹಂಗಾರ ಐತವಾರ ಮುಂಜಾನೆ ಎಲ್ಲಿಗೆ ಹೋಗ್ತಿದ್ರಿ?"

"ಇಲ್ಲೇ, ಫ್ಯಾಕ್ಟರಿಗಳ ಹಿಂದಿನ ರಸ್ತೆ. ಒಂದು ಕಿಲೋಮೀಟರ್ ಇರ್ಬಹುದು. ಮರದಡಿಗೆ ನಿಲ್ಲಿಸಿ ಪೇಪರ್ ಓದ್ತೇನೆ. ಅಷ್ಟು ಜನ ಕೈಬೀಸ್ತಾರೆ, ಹೋಗದೆ ಇರ್ಲಿಕ್ಕಾಗ್ತದಾ?"

ನಗು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ಹತ್ತು ತಿಂಗಳು, ಪ್ರತಿ ಭಾನುವಾರ, ಇಸ್ತ್ರಿಯ ಷರ್ಟು ಹಾಕಿಕೊಂಡು ಒಬ್ಬರೇ ಆ ರಸಾಯನದ ವಾಸನೆಯ ರಸ್ತೆಯಲ್ಲಿ ಪೇಪರ್ ಹಿಡಿದು ಕೂತ ಅವರು ನನ್ನ ಕಣ್ಣೆದುರು ಬಂದರು.

"ನನಗೂ ಆ ಗಾಡಿ ಓಡಿಸಬೇಕಂತ ಆಶಾ ಅದರಿ," ಎಂದೆ. ಅದು ಅರ್ಧ ಸುಳ್ಳು. ತುರ್ಭೆಗೆ ದಿನಾ ನಮ್ಮ ಸಣ್ಣ ಕಾರು ಓಡಿಸಿಕೊಂಡು ಹೋಗುವವಳಿಗೆ ಭಾನುವಾರ ಸ್ಟೀರಿಂಗ್ ಮುಟ್ಟುವುದೇ ಬೇಡವೆನಿಸುತ್ತಿತ್ತು. "ನಾ ನಡಸ್ತೀನಿ, ನೀವು ಬಾಜೂಕ ಕೂಡ್ರಿ."

ಅವರು ನನ್ನ ಮುಖ ನೋಡಿ, ಚಹಾ ಎತ್ತಿಕೊಂಡರು.

ಮುಂದಿನ ವಾರ ಆಯಿಲ್ ತರಲು ನಮ್ಮ ಸಣ್ಣ ಕಾರಿನಲ್ಲಿ ಕಲ್ಯಾಣಕ್ಕೆ ಇಬ್ಬರೂ ಹೋದೆವು. ಫೈವ್ ಡಬ್ಲ್ಯೂ ಫಾರ್ಟಿ, ಪೂರ್ತಿ ಸಿಂಥೆಟಿಕ್. ಅಂಗಡಿಯಲ್ಲಿ ಮಾವ ಕನ್ನಡಕ ಏರಿಸಿ, ಆರೇಳು ಡಬ್ಬಿಗಳ ಹಿಂದಿನ ಸಣ್ಣ ಅಕ್ಷರ ಓದಿ, ಪುಸ್ತಕದ ನಂಬರು ತಾಳೆ ಹಾಕಿ, "ಇದು ನೋಡು" ಎಂದು ಒಂದನ್ನು ಹಿಡಿದರು. ಸರಿಯಾಗಿತ್ತು. ಆಯಿಲ್ ಬದಲಿಸಲು ಮನೆಗೆ ಬಂದ ಮೆಕ್ಯಾನಿಕ್ ಇನ್ನೂ ದಪ್ಪ ಆಯಿಲ್ಲಿನ ಪರವಾಗಿಯೇ ಮಾತಾಡುತ್ತಿದ್ದ. ಹಳೆಯದು ತೆಳುವಾಗಿದ್ದು ಪೆಟ್ರೋಲ್ ಸೇರಿದ್ದರಿಂದ, ಆಯಿಲ್ಲಿನ ದೋಷದಿಂದಲ್ಲ ಎಂದು ನಾನು ಬಾಯಿ ತೆರೆಯುವ ಮೊದಲೇ ಮಾವ ತಮ್ಮ ಹೋಟೆಲ್ ಹಿಂದಿಯಲ್ಲಿ ಅವನಿಗೆ ಬಿಡಿಸಿ ಹೇಳಿದರು. ಗಾಡಿ ಯಾಕೆ ಬಿಸಿಯಾಗಲಿಲ್ಲ ಎನ್ನುವುದನ್ನು ಮಾತ್ರ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಭಾನುವಾರ ಆರಕ್ಕೆ ನಾನು ಸ್ಟೀರಿಂಗ್ ಹಿಡಿದು ಗೇಟು ದಾಟಿದಾಗ ಬಾಲ್ಕನಿಗಳಲ್ಲಿ ಕೈಗಳು ಅರ್ಧಕ್ಕೇ ನಿಂತವು. ಮಾವ ತಾವೇ ಎಲ್ಲರಿಗೂ ಕೈಬೀಸಿದರು. ಮಹಾಪೆ ದಾಟುವವರೆಗೂ ಅವರ ಒಂದು ಕೈ ಬಾಗಿಲಿನ ಹಿಡಿಯ ಮೇಲಿತ್ತು, ಕಣ್ಣು ಆಯಿಲ್ಲಿನ ಉಷ್ಣತೆ ತೋರಿಸುವ ಮುಳ್ಳಿನ ಮೇಲೆ.

"ಅರವತ್ತು." ಸ್ವಲ್ಪ ಹೊತ್ತಿನ ಮೇಲೆ, "ಎಪ್ಪತ್ತೈದು." ವಾಶಿ ಬಿಟ್ಟು ಪಾಮ್ ಬೀಚ್ ರೋಡಿಗೆ ತಿರುಗುವಾಗ, "ತೊಂಬತ್ತು ಆಯ್ತು! ಈಗ ಸ್ವಲ್ಪ ಒತ್ತು, ಸ್ವಲ್ಪ."

ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ಮಾವ "ಅಯ್ಯೋ ದೇವರೇ" ಎಂದು ಜೋರಾಗಿ ನಕ್ಕರು. ನಾನೂ ನಕ್ಕೆ. ಆಗ ಆಶೆಯ ಉಳಿದ ಅರ್ಧವೂ ನಿಜವಾಯಿತು.

ಹಾಗೆ ನಾಲ್ಕು ಭಾನುವಾರ ಹೋದೆವು. ಐದನೆಯ ವಾರ ನೆರೂಳದ ಹತ್ತಿರ ಚಹಾ ಕುಡಿಯಲು ನಿಂತಾಗ, ಲೋಟ ಕೆಳಗಿಟ್ಟು, "ಬೇಲಾಪುರದವರೆಗೆ ನಾನು ನೋಡ್ಲಾ?" ಎಂದರು. ಕೀ ಕೊಟ್ಟೆ. ನಲವತ್ತರ ವೇಗದಲ್ಲಿ, ಎಡಗಡೆಯ ಲೇನಿನಲ್ಲೇ ಹೊರಟರು. ಸೈಕಲ್ ಓಡಿಸುವ ಹುಡುಗಿಯರ ಗುಂಪೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಮಾವನಿಗೆ ಅದರ ಪರಿವೆಯೇ ಇರಲಿಲ್ಲ. ತುಟಿ ಕಚ್ಚಿ ರಸ್ತೆ ನೋಡುತ್ತಿದ್ದರು. ಒಂದು ಸಿಗ್ನಲ್ಲಿನಲ್ಲಿ ನಿಂತು ಮತ್ತೆ ಹೊರಡುವಾಗ ಗಾಡಿ ಸ್ವಲ್ಪ ಜಿಗಿಯಿತು. ಕಾಲು ಸಡಿಲಿಸಿದರು, ಅದು ಮಾತು ಕೇಳಿತು. "ಕೇಳ್ತದೆ," ಎಂದರು ತಮಗೆ ತಾವೇ.

ಬೇಲಾಪುರದಲ್ಲಿ ಇಳಿದಾಗ ಅವರ ಷರ್ಟಿನ ಬೆನ್ನು ಒದ್ದೆಯಾಗಿತ್ತು. ಸೀಟು ಬದಲಿಸಿದೆವು. ವಾಪಸು ಬರುವಾಗ ಏನೋ ಕೇಳೋಣವೆಂದು ತಿರುಗಿದರೆ, ಆ ಸದ್ದಿನ ನಡುವೆಯೂ ತಲೆ ಒಂದು ಕಡೆ ವಾಲಿಸಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಮನೆಗೆ ತಿರುಗುವ ರಸ್ತೆ ಬಂತು. ಏಳೂವರೆಯೂ ಆಗಿರಲಿಲ್ಲ. ನಾನು ತಿರುಗದೆ ನೇರ ಐರೋಲಿಯ ಕಡೆ ಬಿಟ್ಟೆ.