ಎಡೆಗೆ ಸುಟ್ಟ ಬಂಗುಡೆ

ನನ್ನ ಮೂಗು ಸತ್ತು ಹೋಗಿದೆ. ಆ ಹಾಳು ಜ್ವರ ಊರೆಲ್ಲ ಸುತ್ತಿತಲ್ಲ, ಆಗ ಹೋದ ವಾಸನೆ ನನಗೆ ವಾಪಸ್ ಬರಲೇ ಇಲ್ಲ. ಹೇಳಿದರೆ ಜನ ನಗುತ್ತಾರೆ. "ಒಳ್ಳೇದೇ ಆಯ್ತಲ್ಲ ಮಾರಾಯ್ತಿ, ಚರಂಡಿ ಪಕ್ಕ ಆರಾಮಾಗಿ ನಡಕೊಂಡು ಹೋಗಬಹುದು" ಅಂದವರೂ ಇದ್ದಾರೆ. ಅವರಿಗೆ ಬರಲಿ, ಆಮೇಲೆ ನಗಲಿ. ಪಲ್ಯ ತಳ ಹಿಡಿದರೆ ಹೊಗೆ ಕಂಡ ಮೇಲೆಯೇ ನನಗೆ ಗೊತ್ತಾಗುವುದು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಒಂದು ದಿನ, ಗೂಟದಲ್ಲಿ ನೇತಾಡುತ್ತಿದ್ದ ಅವರ ಅಂಗಿ ತೆಗೆದು ಮುಖಕ್ಕೆ ಒತ್ತಿ ಹಿಡಿದೆ. ಏನೂ ಇಲ್ಲ, ಬರೀ ಬಟ್ಟೆ. ಅವತ್ತು ಅತ್ತಷ್ಟು ನಾನು ಅವರ ಹೆಣದ ಮುಂದೆಯೂ ಅತ್ತಿರಲಿಲ್ಲ.

ಅವರಿಗೆ ಕೆಂಡದ ಮೇಲೆ ಸುಟ್ಟ ಬಂಗುಡೆ ಅಂದರೆ ಪ್ರಾಣ. ಘಟ್ಟ ಹತ್ತಿ ಬರುವ ಮೀನಿನ ಗಾಡಿಯ ಹಾರ್ನ್ ಕೇಳಿದರೆ ಸಾಕು, ಶೇವಿಂಗ್ ಅರ್ಧಕ್ಕೆ ಬಿಟ್ಟು ಓಡುತ್ತಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ಡಾಕ್ಟರು ಉಪ್ಪು ಬೇಡ, ಮೀನು ಬೇಡ, ನೀರೂ ಅಳತೆಯಲ್ಲೇ ಅಂದರು. ಕೊನೆಕೊನೆಗೆ ಮಕ್ಕಳ ಹಾಗೆ ಕೇಳುತ್ತಿದ್ದರು, "ಒಂದೇ ಒಂದು ಸುಟ್ಟು ಕೊಡೇ, ವಾಸನೆ ನೋಡಿ ಇಡ್ತೀನಿ." ನಾನು, "ಮೊದ್ಲು ಹುಷಾರಾಗಿ, ಬುಟ್ಟಿಗಟ್ಲೆ ಸುಟ್ಟು ಕೊಡ್ತೀನಿ" ಅಂದೆ. ಎಲ್ಲಿಯ ಹುಷಾರು! ಡಾಕ್ಟರ ಮಾತು ಅಷ್ಟು ಪಾಲಿಸಿ ನನಗೆ ಸಿಕ್ಕಿದ್ದು ಮಣ್ಣು.

ಹಿರಿಯರಿಗೆ ಎಡೆ ಇಡುವ ದಿನ ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಿ ಎಲೆಗೆ ಬಡಿಸಬೇಕು. ಅದು ಅವರ ಮೊದಲ ಎಡೆ. ಸುಟ್ಟ ಬಂಗುಡೆ ಆಗಲೇಬೇಕು ಅಂತ ನಾನು ಹಟ ಹಿಡಿದೆ. ಅದೊಂದು ಅವರಿಗೆ ಮುಟ್ಟಿಸದೆ ಇದ್ದರೆ ನನ್ನ ಜೀವಕ್ಕೆ ಸಮಾಧಾನವಿರಲಿಲ್ಲ. ಆದರೆ ತೀರ್ಥಹಳ್ಳಿಯ ಈ ಪೇಟೆ ಮನೆಯಲ್ಲಿ ಒಲೆ ಎಲ್ಲಿಂದ ಬರಬೇಕು? ಹಿತ್ತಲಲ್ಲಿ ಒಂದಿಷ್ಟು ಇದ್ದಿಲು ಹಚ್ಚಿದರೆ ಮೇಲಿನ ಮನೆಯವರು ದಡಾರ್ ಅಂತ ಕಿಟಕಿ ಬಡಿಯುತ್ತಾರೆ.

ಹೊಸನಗರಕ್ಕೆ ಕೊಟ್ಟಿರುವ ಮಗಳೇ ದಾರಿ ಹೇಳಿದಳು. "ಹೋಂಸ್ಟೇಗಳಲ್ಲಿ ಗ್ಯಾಸ್ ಗ್ರಿಲ್ ಇಟ್ಟಿರ್ತಾರಲ್ಲಮ್ಮ, ಹೊಗೆನೂ ಕಮ್ಮಿ. ಸಾಗರದಲ್ಲಿ ಸಿಗುತ್ತೆ." ಇಬ್ಬರೂ ಹೋದೆವು. ಅಂಗಡಿಯವರು ಮೊದಲು ತೋರಿಸಿದ್ದು ಚಕ್ರ ಇರುವ ದೊಡ್ಡ ಗ್ರಿಲ್.

"ನಿಮ್ಮ ಹೋಂಸ್ಟೇ ಎಲ್ಲಿ ಮೇಡಂ?"

"ಹೋಂಸ್ಟೇ ಎಂತದೂ ಇಲ್ಲ. ನಮ್ಮ ಯಜಮಾನ್ರಿಗೆ."

"ಊಟಕ್ಕೆ ಎಷ್ಟು ಜನ ಕೂರ್ತೀರಿ?"

"ಒಬ್ರೇ" ಅಂದೆ.

ಅವರಿಗೆ ಏನು ಅರ್ಥವಾಯಿತೋ, ಸುಮ್ಮನೆ ಚಿಕ್ಕದೊಂದನ್ನು ಇಳಿಸಿದರು. ಎರಡು ಬರ್ನರ್, ದಪ್ಪ ಕಬ್ಬಿಣದ ಸರಳು, ಅಲ್ಲಾಡದ ಕಾಲು, ಎಣ್ಣೆ ಇಳಿಯಲಿಕ್ಕೆ ಕೆಳಗೊಂದು ತಟ್ಟೆ. ತೆಳು ತಗಡಿನದು ಅಗ್ಗಕ್ಕಿತ್ತು, ಆದರೆ ಅದರ ಮುಚ್ಚಳ ಕೈಯಲ್ಲೇ ಬಾಗುತ್ತಿತ್ತು. ಆಮೇಲೆ ಶುರುವಾಯಿತು ಅವರ ಉಪದೇಶ. ಇದು ಹೊರಗೇ ಉರಿಸುವ ವಸ್ತು, ಮನೆಯೊಳಗೆ ಬೇಡ. ಮುಚ್ಚಳ ತೆಗೆದೇ ಬೆಂಕಿ ಹಚ್ಚಬೇಕು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಕೆಲಸ ಮುಗಿದ ಕೂಡಲೇ ರೆಗ್ಯುಲೇಟರ್ ಬಂದ್ ಮಾಡಬೇಕು. "ವಾಸನೆ ಬಂದ್ರೆ ಮಾತ್ರ ಒಂದು ಕ್ಷಣನೂ ನಿಲ್ಬೇಡಿ" ಅಂದರು. ಮಗಳು ನನ್ನ ಮುಖ ನೋಡಿ, "ಅಮ್ಮಂಗೆ ವಾಸನೆ ಗೊತ್ತಾಗಲ್ಲ" ಅಂದಳು. ಹಾಗಾದರೆ ಪೈಪಿನ ಜಾಯಿಂಟಿಗೆಲ್ಲ ಸೋಪಿನ ನೀರು ಸವರಿ ನೋಡಿ, ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಲೆಕ್ಕ, ಅಂದರು. ಆ ಉಪಾಯ ನನಗೆ ಹಿಡಿಸಿತು. ಮೂಗಿಲ್ಲದಿದ್ದರೂ ಕಣ್ಣಿದೆಯಲ್ಲ.

ಎಡೆಯ ದಿನ ಬೆಳಿಗ್ಗೆ ಮಗಳು ಬಂದಳು. ಹಿತ್ತಲಲ್ಲಿ ಗ್ರಿಲ್ ಇಟ್ಟು ಸಿಲಿಂಡರಿಗೆ ಸೇರಿಸಿ ಸೋಪಿನ ನೀರು ಸವರಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಮೀನಿಗೆ ಖಾರ, ಅರಿಶಿನ, ಹುಳಿ ಹಚ್ಚಿ ಆಗಿತ್ತು. ಇನ್ನೇನು ಹಚ್ಚಬೇಕು, ಆಗ ನನಗೆ ನಮ್ಮ ಅತ್ತೆ ಹೇಳುತ್ತಿದ್ದದ್ದು ನೆನಪಾಯಿತು. ಎಡೆಗೆ ಬಡಿಸುವುದೆಲ್ಲ ಹೊಸ್ತಿಲ ಒಳಗೇ ಬೇಯಬೇಕು. ಹೊರಗೆ ಬೇಯಿಸಿದರೆ ದಾರಿಹೋಕ ಆತ್ಮಗಳೆಲ್ಲ ಕೈ ಹಾಕುತ್ತವೆ, ಮನೆಯವರಿಗೆ ಉಳಿಯುವುದಿಲ್ಲ.

"ಅಮ್ಮ, ಅಂಗಡಿಯವ್ರು ಹೊರಗೇ ಅಂದಿದ್ರಲ್ಲ?"

"ಇಡ್ತಿರೋದು ಅಂಗಡಿಯವ್ರ ಅಪ್ಪಂಗಲ್ಲ, ನಿನ್ನಪ್ಪಂಗೆ. ಎತ್ತು ಸುಮ್ನೆ."

ಅವಳು ಗ್ರಿಲ್ ಎತ್ತಿದಳು, ನಾನು ಸಿಲಿಂಡರ್ ಎಳೆದೆ. ಹೊಸ್ತಿಲು ದಾಟಿಸುವಾಗ ಪೈಪು ಒಂದು ಸಲ ಬಿಗಿಯಾಗಿ ಜಗ್ಗಿತು. ಅಡುಗೆ ಮನೆಯ ಕಿಟಕಿ ಬಾಗಿಲೆಲ್ಲ ತೆಗೆದಿಟ್ಟೆವು, ಇನ್ನೇನು ಭಯ ಅನ್ನಿಸಿತು. ಸೋಪಿನ ನೀರಿನ ಬಟ್ಟಲು ಹಿತ್ತಲಲ್ಲೇ ಉಳಿಯಿತು.

ಮೀನು ಚೊಂಯ್ ಅಂದಿತು. ಮಗಳು ಒಂದು ಸಲ ಉಸಿರೆಳೆದುಕೊಂಡು ಅಳಲಿಕ್ಕೆ ಶುರು ಮಾಡಿದಳು. "ಅಪ್ಪ ಇಲ್ಲೇ ಕೂತಂಗಿದೆ ಕಣಮ್ಮ." ನನಗೆ ಹೊಟ್ಟೆಕಿಚ್ಚಾಯಿತು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು! ಅವಳಿಗೆ ಸಿಕ್ಕಿದ್ದು ನನಗೆ ಯಾಕೆ ಸಿಗಬಾರದು?

ಅಡುಗೆ ಮನೆಯಲ್ಲೇ ನೆಲ ಒರೆಸಿ ಬಾಳೆಲೆ ಹಾಕಿದೆವು. ಅನ್ನ, ಕಡುಬು, ಸಾರು, ನಡುವೆ ಬಂಗುಡೆ. ಪಕ್ಕದಲ್ಲಿ ಒಂದು ಲೋಟ ನೀರು, ಎದುರಿಗೆ ನೆಲದ ಮೇಲೆ ದೀಪ. ಇಷ್ಟಾದ ಮೇಲೆ ಕಿಟಕಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಹಿರಿಯರು ನಮ್ಮ ಹಾಗೆ ಕೈಯಲ್ಲಿ ಕಲಸಿ ಉಣ್ಣುವುದಿಲ್ಲವಂತೆ. ಬಿಸಿ ಅಡುಗೆಯ ವಾಸನೆ ತೆಗೆದುಕೊಂಡೇ ಹೊಟ್ಟೆ ತುಂಬಿಸಿಕೊಂಡು ಹೋಗುತ್ತಾರಂತೆ. ಮೀನು ಆರಿ ಹೋದೀತು ಅಂತ ನನಗೆ ಗಡಿಬಿಡಿ. ಗ್ರಿಲ್ಲಿನ ತಿರುಪು ತಿರುಗಿಸಿ ಉರಿ ಆರಿಸಿ ಬಾಗಿಲು ಎಳೆದುಕೊಂಡೆ. ರೆಗ್ಯುಲೇಟರ್ ಬಂದ್ ಮಾಡುವುದು ನನಗೂ ನೆನಪಾಗಲಿಲ್ಲ, ಅವಳಿಗೂ ನೆನಪಾಗಲಿಲ್ಲ.

ಹೊರಕೋಣೆಯಲ್ಲಿ ಸುಮ್ಮನೆ ಕೂತಿದ್ದೆವು. ನಾನು ಮನಸ್ಸಲ್ಲೇ, ನಿಧಾನಕ್ಕೆ ಊಟ ಮಾಡಿ, ಇವತ್ತು ನಿಮ್ಮನ್ನ ಯಾರೂ ಬೇಡ ಅನ್ನಲ್ಲ ಅಂತ ಹೇಳಿಕೊಳ್ಳುತ್ತಿದ್ದೆ. ಮಗಳು ತಲೆ ಎತ್ತಿದಳು.

"ಅಮ್ಮ, ಗ್ಯಾಸ್ ವಾಸನೆ."

"ಈಗಷ್ಟೇ ಉರಿಸಿದ್ದಲ್ವ, ಇರುತ್ತೆ."

"ಇಲ್ಲಮ್ಮ, ಜಾಸ್ತಿ ಆಗ್ತಿದೆ." ಎದ್ದು ಬಾಗಿಲ ಹತ್ತಿರ ಹೋದಳು. ನಾನು ಓಡಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ತೆಗೀಬೇಡ. ಊಟದ ಮಧ್ಯ ಎಬ್ಬಿಸಿದ್ರೆ ಅವ್ರು ಮತ್ತೆ ಕೂರಲ್ಲ."

"ಗ್ಯಾಸ್ ನೆಲದಲ್ಲೇ ಕೂರೋದಮ್ಮ! ದೀಪನೂ ನೆಲದ ಮೇಲಿದೆ!"

"ನಂಗೆಂತ ವಾಸನೆನೂ ಬರ್ತಿಲ್ಲ!" ಅಂದೆ. ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿಸಿತು. ಆದರೂ ಜಾಗ ಬಿಡಲಿಲ್ಲ.

ಅವಳು ನನ್ನನ್ನು ತಳ್ಳಿದಳು. ಹುಟ್ಟಿದಾಗಿನಿಂದ ನನ್ನ ಮೇಲೆ ಕೈ ಮಾಡಿದವಳಲ್ಲ. ಒಳಗೆ ನುಗ್ಗಿ ಅಪ್ಪನಿಗೆ ಕುಡಿಯಲು ಇಟ್ಟ ಲೋಟದ ನೀರನ್ನೇ ದೀಪದ ಮೇಲೆ ಸುರಿದಳು. ರೆಗ್ಯುಲೇಟರ್ ತಿರುಗಿಸಿದಳು, ಕಿಟಕಿ, ಹಿತ್ತಲ ಬಾಗಿಲು ಎಲ್ಲ ತೆಗೆದಳು. ನಾನು ಫ್ಯಾನ್ ಹಾಕಲು ಹೋದರೆ, "ಸ್ವಿಚ್ ಮುಟ್ಬೇಡ!" ಅಂತ ಕಿರುಚಿ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದಳು.

ಗಾಳಿಯಾಡಿದ ಮೇಲೆ ಸಿಲಿಂಡರನ್ನು ಹಿತ್ತಲಿಗೆ ತಂದು, ಒಂದು ಗಳಿಗೆ ರೆಗ್ಯುಲೇಟರ್ ತಿರುಗಿಸಿ ಸೋಪಿನ ನೀರು ಸವರಿದಳು. ಪೈಪು ರೆಗ್ಯುಲೇಟರಿಗೆ ಸೇರುವಲ್ಲಿ ಬುಳಬುಳ ಗುಳ್ಳೆ. ನಾನು ಸತ್ತರೆ ಸಾಯುತ್ತಿದ್ದೆ, ಹೋಗಲಿ. ಇವಳಿಗೆ ಹೊಸನಗರದಲ್ಲಿ ಹಾಲು ಕುಡಿಯುವ ಕೂಸಿದೆ. "ಇನ್ಮೇಲೆ ನೀ ಒಬ್ಳೇ ಗ್ಯಾಸ್ ಹಚ್ಚೋ ಹಾಗಿಲ್ಲ" ಅಂದಳು.

ಒಳಗೆ ಬಂದು ನೋಡಿದರೆ ಎಲೆಯ ತುದಿಯವರೆಗೂ ನೀರು, ಎಣ್ಣೆ, ಮಸಿ. ಬಂಗುಡೆ ಇಟ್ಟ ಹಾಗೇ ಇತ್ತು. ನಾನು ಎಲೆಯ ಪಕ್ಕ ಕೂತೆ.

"ಬಾಗಿಲು ತೆಗೆದಾಗ ಮೀನಿನ ವಾಸನೆ ಇತ್ತಾ? ಸ್ವಲ್ಪನಾದ್ರೂ?"

ಅವಳು ಬಗ್ಗಿ ಆರಿದ ದೀಪ ಎತ್ತಿಟ್ಟಳು. ಸುಳ್ಳು ಹೇಳಲಿ ಅಂತ ನಾನು ಕಾಯುತ್ತಿದ್ದೆ.

"ಇಲ್ಲಮ್ಮ. ಬರೀ ಗ್ಯಾಸು."

ಬದುಕಿದ್ದಾಗ ಡಾಕ್ಟರು ಬೇಡ ಅಂದರು ಅಂತ ಬಂಗುಡೆ ಕೊಡಲಿಲ್ಲ. ಈಗ ಹಸಿದುಕೊಂಡು ಬಂದವರಿಗೆ ನಾನು ಬಾಗಿಲು ಮುಚ್ಚಿ ಉಣ್ಣಿಸಿದ್ದು ಆ ಗ್ಯಾಸನ್ನು.